ತಿಕೋಟಾ ಕಡೆಯ ಸಣ್ಣ ಕಂಪನಗಳು ದೊಡ್ಡ ಭೂಕಂಪದ ಮುನ್ಸೂಚನೆಯೇ?

ಒಡೆಯುವ ಮುಂಚೆ ಬಂಡೆ ಸದ್ದು ಮಾಡುತ್ತದಂತೆ, ಹಾಗಾದರೆ ವಿಜಯಪುರ ಜಿಲ್ಲೆಯ ನಮ್ಮ ತಿಕೋಟಾದ ಕಂಪನಗಳೂ ಅಂಥದ್ದೇ ಎಚ್ಚರಿಕೆಯೇ ಎಂದು ಕೇಳಿದ್ದೀರಿ. ಬಾಗಲಕೋಟೆಯಲ್ಲಿ ಕಲ್ಲು, ಕಾಂಕ್ರೀಟ್ ಪರೀಕ್ಷೆ ಕಲಿಸುವವನಾಗಿ ಉತ್ತರಿಸುತ್ತೇನೆ.

ಸದ್ದಿನ ಮಾತು ನಿಜ. ಇಳಕಲ್ ಗ್ರಾನೈಟಿನ ತುಂಡನ್ನು ಯಂತ್ರದಲ್ಲಿಟ್ಟು ಒತ್ತುತ್ತ ಹೋದರೆ, ಅದು ಒಡೆಯುವ ಎಷ್ಟೋ ಮೊದಲೇ ಒಳಗೆ ಕೂದಲೆಳೆಯಷ್ಟು ಬಿರುಕುಗಳು ಹುಟ್ಟುತ್ತವೆ. ಮೈಮೇಲೆ ಸೆನ್ಸರ್ ಅಂಟಿಸಿದರೆ ಪ್ರತಿ ಬಿರುಕಿನ ಸದ್ದೂ ಸಿಗುತ್ತದೆ. ಮೊದಲು ಅಲ್ಲೊಂದು ಇಲ್ಲೊಂದು. ಭಾರ ಏರಿದಂತೆ ಒಂದೇ ಕಡೆ ಗುಂಪುಗೂಡಿ, ಆಮೇಲೆ ಕಲ್ಲು ಸಿಡಿಯುತ್ತದೆ. ಅಲ್ಲಿ ಭಾರ ಎಷ್ಟೆಂದು ನಮಗೆ ಗೊತ್ತಿರುತ್ತದೆ. ನಿಮ್ಮೂರಿನ ಕೆಳಗೆ ಕಿಲೋಮೀಟರುಗಟ್ಟಲೆ ಆಳದಲ್ಲಿ ಅದನ್ನು ಅಳೆದವರಿಲ್ಲ. ಮೇಲಾಗಿ ಅಲ್ಲಿ ಹೆಚ್ಚಾಗಿ ನಡೆಯುವುದು ಇಡೀ ಬಂಡೆ ಹೊಸದಾಗಿ ಒಡೆಯುವುದಲ್ಲ, ಹಳೆಯ ಸೀಳು ಜಾರುವುದು. ಮಳೆನೀರು ಇಳಿದು ಸೀಳಿನಲ್ಲಿ ಒತ್ತಡ ಹೆಚ್ಚಿದರೂ ಹಿಡಿತ ಸಡಿಲವಾಗಿ ಅದು ಜಾರಬಹುದು.

ಹಾಗಾಗಿ ಎರಡೂ ತರಹದ ಉದಾಹರಣೆಗಳಿವೆ. ಮಹಾರಾಷ್ಟ್ರದ ಪಾಲ್ಘರಿನಲ್ಲಿ 2018ರ ಕೊನೆಯಿಂದ ಸಾವಿರಾರು ಸಣ್ಣ ಕಂಪನಗಳಾದವು, ದೊಡ್ಡದು ಬರಲಿಲ್ಲ. ಅದೇ ರಾಜ್ಯದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 1992ರಲ್ಲಿ ನೆಲ ಅಲುಗಿ ತಣ್ಣಗಾಗಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2 ತೀವ್ರತೆಯ ಭೂಕಂಪವಾಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಮುಂಚೆ ನೋಡಿ ಇವೆರಡನ್ನು ಬೇರ್ಪಡಿಸುವ ವಿದ್ಯೆ ಇನ್ನೂ ಯಾರ ಕೈಗೂ ಬಂದಿಲ್ಲ. ತಾರೀಖು ಹೇಳುವ ವಾಟ್ಸಾಪ್ ಸಂದೇಶಗಳನ್ನು ದಯವಿಟ್ಟು ನಂಬಬೇಡಿ.

"ಸಣ್ಣವು ಆದರೆ ಒಳ್ಳೆಯದೇ, ಶಕ್ತಿ ಖಾಲಿಯಾಗುತ್ತದೆ" ಅನ್ನುವವರ ಮಾತನ್ನೂ ನಂಬಬೇಡಿ. ತೀವ್ರತೆ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಕಿಲ್ಲಾರಿಯಷ್ಟು ಶಕ್ತಿ ಕರಗಬೇಕಾದರೆ 3.2ರ ಕಂಪನಗಳು ಮೂವತ್ತು ಸಾವಿರಕ್ಕೂ ಹೆಚ್ಚು ಆಗಬೇಕು!

ನನಗೆ ಕಳವಳ ಇರುವುದು ಮನೆಗಳ ಬಗ್ಗೆ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ ಮತ್ತು ಮಾಳಿಗೆಯ ಮೇಲಿನ ಮಣ್ಣಿನ ಭಾರ. ನಮ್ಮ ಹಳ್ಳಿಗಳ ಹಳೆಯ ಮಾಳಿಗೆ ಮನೆಗಳೂ ಬಹುತೇಕ ಹಾಗೇ ಇವೆ. ಇಂಥ ಗೋಡೆಗೆ ಎರಡು ಮುಖ, ನಡುವೆ ಚೂರುಕಲ್ಲು. ಅಲುಗಿದಾಗ ಮುಖಗಳು ಒಂದೊಂದು ಕಡೆ ಬೀಳುತ್ತವೆ. ನಿಮ್ಮದೂ ಅಂಥದ್ದಾಗಿದ್ದರೆ ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸಿ, ಉಬ್ಬಿದ ಗೋಡೆಯ ಪಕ್ಕ ಮಲಗಬೇಡಿ. ಹೊಸದಾಗಿ ಕಟ್ಟುವಾಗ ಗೋಡೆಯ ಎರಡೂ ಮುಖ ಮುಟ್ಟುವ ಉದ್ದಕಲ್ಲುಗಳನ್ನು ಅಲ್ಲಲ್ಲಿ ಹಾಕಿಸಿ. ಬಾಗಿಲು-ಕಿಟಕಿಗಳ ಮೇಲಿನ ಲಿಂಟಲ್ ಮಟ್ಟದಲ್ಲಿ ನಾಲ್ಕೂ ಗೋಡೆ ಸುತ್ತಿ ಬರುವ ಕಬ್ಬಿಣ-ಕಾಂಕ್ರೀಟಿನ ಬೆಲ್ಟನ್ನು, ಖರ್ಚು ಅಂತ ಗೌಂಡಿ ಹೇಳಿದರೂ ಬಿಡಬೇಡಿ.