ಬರೆದು ಆಡುವ ಫ್ಯಾಂಟಸಿ ಆಟದಲ್ಲಿ ಕ್ವೆಸ್ಟ್‌ಗೆ ಬಹುಮಾನ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು?

ನೀವು ಕೇಳಿರುವುದು ಇದು: ನಾಲ್ಕು ಜನ ಆಟಗಾರರು, ನೀವು ಗೇಮ್ ಮಾಸ್ಟರ್ (ಕಥೆ ನಡೆಸಿ ಶತ್ರುಗಳನ್ನು ಆಡಿಸುವವರು), ಆಟವೆಲ್ಲ ಬರಹದಲ್ಲೇ ನಡೆಯುತ್ತದೆ. ನಿಯಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯದು, ಅಂದರೆ 2014ರದ್ದು. ಕ್ವೆಸ್ಟ್‌ಗಳು, ಅಂದರೆ ಪಾತ್ರಗಳಿಗೆ ಒಪ್ಪಿಸುವ ಸಾಹಸದ ಕೆಲಸಗಳು, ಅರ್ಧಕ್ಕೇ ನಿಲ್ಲುತ್ತಿವೆ, ಬಹುಮಾನ ಹಂಚುವಾಗ ಮನಸ್ತಾಪ ಆಗುತ್ತಿದೆ.

ಎಷ್ಟು ಕೊಡಬೇಕು ಅನ್ನುವುದಕ್ಕಿಂತ ಮೊದಲು, ಯಾತಕ್ಕೆ ಕೊಡುತ್ತೀರಿ ಅನ್ನುವುದನ್ನು ಇತ್ಯರ್ಥ ಮಾಡಿಕೊಳ್ಳಿ. ಕೊಂದ ಶತ್ರುವಿನ ಲೆಕ್ಕದಲ್ಲಿ ಎಕ್ಸ್‌ಪಿ (ಅನುಭವದ ಅಂಕ, ಸಾಕಷ್ಟು ಕೂಡಿದರೆ ಪಾತ್ರ ಒಂದು ಲೆವೆಲ್ ಮೇಲೇರಿ ಬಲವಾಗುತ್ತದೆ) ಕೊಡುವ ಪದ್ಧತಿ ಎದುರುಬದುರು ಕೂತು ಆಡುವವರಿಗೆ ಸರಿಹೋಗುತ್ತದೆ, ಬರೆದು ಆಡುವವರನ್ನು ಸುಸ್ತು ಮಾಡುತ್ತದೆ. ಗಾಬ್ಲಿನ್ ಎಂಬ ಪುಟ್ಟ ದುಷ್ಟಜೀವಿ ಒಂದನ್ನು ಸೋಲಿಸಿದರೆ 50 ಎಕ್ಸ್‌ಪಿ. ಒಂದನೇ ಲೆವೆಲ್‌ನ ನಾಲ್ವರ ಎದುರು ಮೂರು ಗಾಬ್ಲಿನ್ ಬಂದರೆ ಅದೇ ಕಠಿಣ ಹೋರಾಟ. ಗೆದ್ದರೆ ಒಟ್ಟು 150, ತಲೆಗೆ 37 ಚಿಲ್ಲರೆ. ಎರಡನೇ ಲೆವೆಲ್‌ಗೆ ಬೇಕಾದ್ದು 300, ಅಂದರೆ ಇಂಥ ಎಂಟು ಹೋರಾಟ. ಎಲ್ಲರೂ ತಮ್ಮ ಸರದಿ ಬರೆದು ಮುಗಿಸಲು ಒಂದು ಸುತ್ತಿಗೆ ಎರಡು ದಿನ, ಹೋರಾಟಕ್ಕೆ ಮೂರು ಸುತ್ತು ಅಂತ ಹಿಡಿದರೂ ಆರು ದಿನ ಆಯಿತು. ಎಂಟು ಹೋರಾಟಕ್ಕೆ 48 ದಿನ, ನಡುವಿನ ಮಾತುಕತೆ, ಪ್ರಯಾಣ, ಹುಡುಕಾಟ ಬೇರೆ. ಎರಡು ತಿಂಗಳು ಕಳೆದರೂ ಲೆವೆಲ್ ಏರದಿದ್ದರೆ ಯಾರಿಗೆ ತಾನೇ ಬರೆಯುವ ಹುಮ್ಮಸ್ಸು ಉಳಿಯುತ್ತದೆ?

ಇಲ್ಲಿಯೇ ಹಲವರು ಮಾಡುವ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮೂರರಿಂದ ಆರು ಶತ್ರುಗಳಿದ್ದರೆ ಎಕ್ಸ್‌ಪಿಯನ್ನು ಎರಡರಿಂದ ಗುಣಿಸಿ ಎಂದು ನಿಯಮದಲ್ಲಿದೆ. ಅದು ಹೋರಾಟ ಎಷ್ಟು ಕಷ್ಟ ಎಂದು ಅಳೆಯಲು ಮಾತ್ರ. ಹಂಚುವಾಗ ಗುಣಿಸದ ಮೊತ್ತವನ್ನೇ ಹಂಚಬೇಕು.

ಪೋಸ್ಟ್‌ಗೆ ಇಷ್ಟು ಅಂಕ ಎಂದು ಕೊಡುವವರೂ ಇದ್ದಾರೆ. ದಯವಿಟ್ಟು ಅದಕ್ಕೆ ಹೋಗಬೇಡಿ. ಬಾಗಿಲು ತೆರೆಯುವುದಕ್ಕೆ ಒಂದು ಪೋಸ್ಟ್, ಒಳಗೆ ಇಣುಕುವುದಕ್ಕೆ ಇನ್ನೊಂದು ಎಂದು ಕಥೆ ಎಳೆದಾಡತೊಡಗುತ್ತದೆ. ಹೆಚ್ಚು ಬಿಡುವಿದ್ದವರು ಮುಂದೆ ಓಡುತ್ತಾರೆ, ಕೆಲಸವಿದ್ದವರು ಹಿಂದೆ ಬೀಳುತ್ತಾರೆ. ಯಾವುದಕ್ಕೆ ಅಂಕವೋ ಆಟಗಾರರು ಅದನ್ನೇ ಮಾಡುತ್ತಾರೆ. 1974ರ ಮೊದಲ ಆವೃತ್ತಿಯಲ್ಲಿ ಒಂದು ಚಿನ್ನದ ನಾಣ್ಯ ತಂದರೆ ಒಂದು ಎಕ್ಸ್‌ಪಿ ಇತ್ತು. ಹಾಗಾಗಿ ಕಾದಾಡದೆ ನಿಧಿ ಎತ್ತಿಕೊಂಡು ಬರುವುದೇ ಜಾಣತನವಾಗಿತ್ತು.

ಆದ್ದರಿಂದ ಗುರಿಗೆ ಕೊಡಿ. ಕ್ವೆಸ್ಟ್ ಶುರುವಾಗುವ ಮೊದಲೇ ಎಲ್ಲರಿಗೂ ಕಾಣುವಂತೆ ಒಂದು ಚೀಟಿ ಬರೆದು ಹಾಕಿ. ಅದು ಹೀಗಿರಬಹುದು:

"ಗಿರಣಿಯವಳ ಮೂರು ಚೀಲ ಬಿತ್ತನೆ ಬೀಜ ಕಳುವಾಗಿದೆ. ಬಿತ್ತನೆಗೆ ಐದು ರಾತ್ರಿ ಉಳಿದಿದೆ. ಮೂರೂ ಚೀಲ ತಂದರೆ ತಲಾ 150 ಎಕ್ಸ್‌ಪಿ, 30 ಚಿನ್ನ. ಒಂದೋ ಎರಡೋ ತಂದರೆ ತಲಾ 100 ಎಕ್ಸ್‌ಪಿ, 15 ಚಿನ್ನ. ಬೀಜ ಸಿಗದೆ, ಕದ್ದವರು ಯಾರೆಂದು ಮಾತ್ರ ತಿಳಿದರೆ ತಲಾ 50 ಎಕ್ಸ್‌ಪಿ. ಒಟ್ಟು ಮೂರು ದೃಶ್ಯ. ಒಬ್ಬರ ಸರದಿಗೆ 48 ಗಂಟೆ."

ಸೋತರೂ 50 ಇದೆ, ಗಮನಿಸಿ. ನಾಲ್ಕು ವಾರ ಬರೆದು ಬರಿಗೈಯಲ್ಲಿ ಹಿಂದಿರುಗಿದವರು ಮುಂದಿನ ಕ್ವೆಸ್ಟ್‌ಗೆ ಬರುವುದು ಅನುಮಾನ. ಐದು ರಾತ್ರಿಯ ಗಡುವೂ ಸುಮ್ಮನೆ ಇಟ್ಟದ್ದಲ್ಲ. ದೀರ್ಘ ವಿಶ್ರಾಂತಿಗೆ ಎಂಟು ಗಂಟೆ ಬೇಕು, ಪ್ರತಿ ಸಲ ವಿಶ್ರಮಿಸಿದಾಗ ಒಂದು ರಾತ್ರಿ ಹೋಗುತ್ತದೆ. ಗಡುವಿಲ್ಲದಿದ್ದರೆ ಪ್ರತಿ ಹೋರಾಟದ ನಂತರವೂ ಮಲಗಿ ಎದ್ದು ಮಂತ್ರಗಳನ್ನೆಲ್ಲ ತುಂಬಿಕೊಂಡು ಬರುತ್ತಾರೆ, ಅಪಾಯ ಅನ್ನುವುದೇ ಉಳಿಯುವುದಿಲ್ಲ.

ಈ ದರದಲ್ಲಿ ಪೂರ್ಣ ಗೆಲುವಿನ ಎರಡು ಕ್ವೆಸ್ಟ್‌ಗೆ ಎರಡನೇ ಲೆವೆಲ್. ಮೂರನೆಯದಕ್ಕೆ ಒಟ್ಟು 900 ಬೇಕು, ಹಾಗಾಗಿ ಮುಂದಿನ ಕ್ವೆಸ್ಟ್‌ಗಳನ್ನು 300ಕ್ಕೆ ಏರಿಸಿ. ನಾಲ್ಕನೆಯದಕ್ಕೆ 2,700, ಆಗ 600ರಂತೆ ಮೂರು ಕ್ವೆಸ್ಟ್. ಅಂಕದ ಗೊಡವೆಯೇ ಬೇಡ ಎನಿಸಿದರೆ ಮೈಲಿಗಲ್ಲಿನ ಪದ್ಧತಿ ಇದ್ದೇ ಇದೆ: ಇಂತಿಷ್ಟು ಕ್ವೆಸ್ಟ್ ಮುಗಿದರೆ ಎಲ್ಲರಿಗೂ ಒಂದು ಲೆವೆಲ್.

ಎಕ್ಸ್‌ಪಿ ಜಾಸ್ತಿಯಾದರೆ ಸರಿಪಡಿಸಬಹುದು, ಚಿನ್ನ ಜಾಸ್ತಿಯಾದರೆ ಕಷ್ಟ. ಗುಣಪಡಿಸುವ ಪೋಷನ್‌ಗೆ (ಗಾಯ ಮಾಯಿಸುವ ಮದ್ದಿನ ಶೀಶೆ) 50 ಚಿನ್ನ, ಪ್ಲೇಟ್ ಕವಚಕ್ಕೆ 1,500. ಒಂದೊಂದು ಕ್ವೆಸ್ಟ್‌ಗೆ ತಲಾ 500 ಕೊಟ್ಟರೆ ಮೂರೇ ಕ್ವೆಸ್ಟ್‌ನಲ್ಲಿ ಪ್ಲೇಟ್ ಬಂತು. ಗಾಬ್ಲಿನ್ ದಾಳಿಗೆ +4, ಅಂದರೆ 20 ಮುಖದ ದಾಳದಲ್ಲಿ ಬಿದ್ದದ್ದಕ್ಕೆ 4 ಕೂಡಿಸುತ್ತದೆ. ಚೈನ್ ಮೇಲ್ ಎಂಬ ಸರಪಳಿ ಕವಚದ 16 ಎಸಿ (ಏಟು ತಾಗಲು ಆ ಮೊತ್ತ ಮುಟ್ಟಬೇಕಾದ ಸಂಖ್ಯೆ) ಎದುರು ಅದರ ಏಟು ತಾಗುವ ಸಾಧ್ಯತೆ ಶೇ. 45. ಪ್ಲೇಟ್‌ನ 18ಕ್ಕೆ ಅದು ಶೇ. 35. ಗುರಾಣಿ ಸೇರಿ 20 ಆದರೆ ಶೇ. 25. ಆಮೇಲೆ ಆ ಪಾತ್ರಕ್ಕೆ ಸರಿಸಾಟಿಯಾಗುವ ಶತ್ರುವನ್ನು ತಂದರೆ ಪಕ್ಕದಲ್ಲಿರುವ ಮಾಂತ್ರಿಕ ಒಂದೇ ಏಟಿಗೆ ಉರುಳುತ್ತಾನೆ.

ವಸ್ತು ಕೊಡುವುದಾದರೆ ಮೊದಮೊದಲು ಬಳಸಿದರೆ ಮುಗಿದುಹೋಗುವಂಥವನ್ನೇ ಕೊಡಿ. ಪೋಷನ್ 4ರಿಂದ 10 ಪಾಯಿಂಟ್ ಜೀವಬಲ ಮರಳಿಸಿ ಖಾಲಿಯಾಗುತ್ತದೆ, ಸಮತೋಲನ ಕೆಡುವುದಿಲ್ಲ. +1 ಖಡ್ಗ (ದಾಳಿಗೂ ಏಟಿಗೂ ಒಂದೊಂದು ಕೂಡಿಸುವ ಮಾಯಾ ಖಡ್ಗ) ಆಟದ ಕೊನೆಯವರೆಗೂ ಇರುತ್ತದೆ. ನಾಲ್ವರ ನಡುವೆ ಅಂಥದ್ದು ಒಂದೇ ಇಟ್ಟರೆ, ಯಾರಿಗೆ ಎಂಬುದನ್ನು ಆಟಗಾರರೇ ಕ್ವೆಸ್ಟ್‌ಗೆ ಮೊದಲು ಒಪ್ಪಿ ಚೀಟಿಯ ಕೆಳಗೆ ಬರೆಯಲಿ. ನೀವು ಹೇಳಿದ ಮನಸ್ತಾಪದ ಬಹುಪಾಲು ಅಲ್ಲೇ ತೀರುತ್ತದೆ. ಮಾಹಿತಿ, ಊರಿನವರ ವಿಶ್ವಾಸ, ಉಳಿದುಕೊಳ್ಳಲು ಒಂದು ಮನೆ, ಇವೂ ಬಹುಮಾನಗಳೇ. ಬೆಲೆಯಿಲ್ಲದೆ ಕೊಡಬಹುದು, ಮುಂದಿನ ಕಥೆಗೂ ದಾರಿ ಮಾಡುತ್ತವೆ.

ನಡುವೆ ಒಬ್ಬರು ಬರೆಯುವುದನ್ನೇ ನಿಲ್ಲಿಸಿದರೆ? 48 ಗಂಟೆ ಮೀರಿದ ಕೂಡಲೇ ಅವರ ಪಾತ್ರ ತನ್ನನ್ನು ರಕ್ಷಿಸಿಕೊಳ್ಳುತ್ತಾ ನಿಂತಿದೆ ಎಂದು ನೀವೇ ಬರೆದು ಮುಂದೆ ಸಾಗಿ. ಏಳು ದಿನವಾದರೆ ಕಥೆಯೊಳಗಿನ ಒಂದು ಕಾರಣ ಕೊಟ್ಟು ಆ ಪಾತ್ರವನ್ನು ಹಿಂದೆ ಬಿಡಿ. ಮುಗಿದ ದೃಶ್ಯಗಳ ಪಾಲು ಅವರಿಗೆ ಸಲ್ಲಬೇಕು: ಮೂರರಲ್ಲಿ ಎರಡು ಆಡಿದ್ದರೆ 150ರಲ್ಲಿ 100. ಉಳಿದ 50 ಬೇರೆಯವರಿಗೆ ಹೋಗಬಾರದು, ಹೋದರೆ ಗೆಳೆಯರು ಬಿಟ್ಟುಹೋಗುವುದೇ ಲಾಭವಾಗುತ್ತದೆ.

ಬಹುಮಾನವನ್ನು ಕ್ವೆಸ್ಟ್ ಮುಗಿದ ಎರಡು ದಿನದೊಳಗೆ ಬರೆದುಬಿಡಿ. ಪ್ರತಿ ಪಾತ್ರಕ್ಕೂ ಒಂದು ಲೆಕ್ಕದ ಪಟ್ಟಿ ಇರಲಿ: ದಿನಾಂಕ, ಕ್ವೆಸ್ಟ್, ಬಂದದ್ದು, ಖರ್ಚು, ಉಳಿಕೆ. ದಾಳ ಹಾಕುವುದು ಎಲ್ಲರಿಗೂ ಕಾಣುವ ಕಡೆ ಆಗಲಿ, ಹಾಕಿದ ಮೇಲೆ ಆ ಸರದಿಯ ಬರಹ ತಿದ್ದುವಂತಿಲ್ಲ.

ಈಗ ನಿಂತುಹೋಗಿರುವ ಕ್ವೆಸ್ಟ್‌ಗಳನ್ನು ಎಳೆದು ಜೀವ ತುಂಬಲು ಹೋಗಬೇಡಿ. ಎಲ್ಲಿಯವರೆಗೆ ಬಂದಿದ್ದಾರೋ ಅಷ್ಟಕ್ಕೆ ಪಾಲು ಕೊಟ್ಟು, ಒಂದು ಪ್ಯಾರಾದಲ್ಲಿ ಕಥೆ ಮುಗಿಸಿ, ಮೂರು ದೃಶ್ಯದ ಹೊಸ ಚೀಟಿ ಹಾಕಿ.