ಶನಿವಾರ ಮಧ್ಯಾಹ್ನ ಮೆಡೋ ಲೇನ್‌ಗೆ ಬಾ, ತಮ್ಮಾ

ನಾಟಿಂಗ್‌ಹ್ಯಾಮ್‌ಗೆ ಬಂದು ಎರಡು ತಿಂಗಳಾಯ್ತು, ಕ್ಲಾಸು, ಪಾರ್ಟ್‌ಟೈಮ್ ಕೆಲಸ ಎಲ್ಲ ಒಂದು ಹದಕ್ಕೆ ಬಂದಿದೆ, ಆದರೆ ವಾರದ ಕೊನೆ ಬಂತೆಂದರೆ ರೂಮಿನ ಗೋಡೆ ನೋಡಿಕೊಂಡು ಕೂರುತ್ತೇನೆ ಎಂದು ಬರೆದಿದ್ದೀಯ. ಇಲ್ಲಿಯವರು ಬಾಯಿ ಬಿಟ್ಟರೆ ಫುಟ್‌ಬಾಲ್, ನನಗೆ ಕ್ರಿಕೆಟ್ ಬಿಟ್ಟು ಬೇರೆ ಗೊತ್ತಿಲ್ಲ, ಇವರ ಜೊತೆ ಬೆರೆಯೋದು ಹೇಗಕ್ಕ ಎಂದು ಕೇಳಿದ್ದೀಯ. ಓದಿ ಹೊಟ್ಟೆ ಚುರುಕ್ಕೆಂದಿತು. ಹಾಸನದಿಂದ ನರ್ಸಾಗಿ ಇಲ್ಲಿಗೆ ಬಂದ ಹೊಸತರಲ್ಲಿ ನನ್ನ ಶನಿವಾರಗಳೂ ಹಾಗೇ ಇದ್ದವು. ಒಂದೆರಡು ತಿಂಗಳಲ್ಲ, ವರ್ಷಗಟ್ಟಲೆ.

ನೀನು ಕೇಳಿದ ಬ್ಯಾಂಕು, ಬಾಡಿಗೆಯ ವಿಷಯಕ್ಕೆ ಬೇರೆಯವರು ಉತ್ತರ ಕೊಟ್ಟಿದ್ದಾರೆ. ನಾನು ಒಂದೇ ಮಾತು ಹೇಳುತ್ತೇನೆ. ಟೀವಿಯಲ್ಲಿ ಬರುವ ದೊಡ್ಡ ಟೀಮುಗಳ ಹಿಂದೆ ಹೋಗಬೇಡ. ಈ ಊರಿನದೇ ಫುಟ್‌ಬಾಲ್ ಕ್ಲಬ್ಬು ನಾಟ್ಸ್ ಕೌಂಟಿಯ ಆಟ ನೋಡಲು ಹೋಗು. ರೈಲ್ವೆ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಅವರ ಮೈದಾನ ಮೆಡೋ ಲೇನ್. ಟ್ರೆಂಟ್ ನದಿಯ ಆಚೆ ದಡದಲ್ಲಿ ಊರಿನ ಇನ್ನೊಂದು ಕ್ಲಬ್ಬು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನವರ ದೊಡ್ಡ ಮೈದಾನವಿದೆ. ಅದರ ಹತ್ತಿರವೇ ಟ್ರೆಂಟ್ ಬ್ರಿಜ್, 2007ರಲ್ಲಿ ನಮ್ಮ ದ್ರಾವಿಡ್ ನಾಯಕತ್ವದಲ್ಲಿ ಭಾರತ ಟೆಸ್ಟ್ ಗೆದ್ದ ಜಾಗ. 1910ರಲ್ಲಿ ಮೆಡೋ ಲೇನ್‌ಗೆ ಬರುವ ಮುಂಚೆ ನಾಟ್ಸ್ ಕೌಂಟಿಯವರು ಫುಟ್‌ಬಾಲ್ ಆಡುತ್ತಿದ್ದದ್ದೂ ಆ ಕ್ರಿಕೆಟ್ ಮೈದಾನದಲ್ಲೇ. ಅಂದಮೇಲೆ ನೀನು ತೀರಾ ಹೊಸ ಜಾಗಕ್ಕೇನೂ ಹೋಗುತ್ತಿಲ್ಲ.

1862ರಲ್ಲಿ ಹುಟ್ಟಿದ ಕ್ಲಬ್ಬು ಇದು. 1888ರಲ್ಲಿ ಫುಟ್‌ಬಾಲ್ ಲೀಗ್ ಶುರುಮಾಡಿದ ಹನ್ನೆರಡು ಕ್ಲಬ್ಬುಗಳಲ್ಲಿ ಒಂದು. ಇಟಲಿಯ ಯುವೆಂಟಸ್ ಹಾಕುವ ಕಪ್ಪು ಬಿಳುಪು ಪಟ್ಟೆಯ ಅಂಗಿ 1903ರಲ್ಲಿ ಇಲ್ಲಿಂದಲೇ ಹೋದದ್ದು. ಇಂಥ ಕ್ಲಬ್ಬು 2019ರಲ್ಲಿ ಮೊದಲ ಬಾರಿಗೆ ಲೀಗಿನಿಂದಲೇ ಹೊರಬಿದ್ದು ಐದನೇ ಮೆಟ್ಟಿಲಾದ ನ್ಯಾಷನಲ್ ಲೀಗ್‌ಗೆ ಇಳಿಯಿತು. ನಾನು ಮೊದಲ ಸಲ ಹೋದದ್ದು ಆಗಲೇ. ನಮ್ಮ ವಾರ್ಡಿನ ಸಹೋದ್ಯೋಗಿಯೊಬ್ಬಳು ಗಂಡನಿಗೆ ಹುಷಾರಿಲ್ಲವೆಂದು ಉಳಿದ ಟಿಕೆಟ್ಟನ್ನು ನನ್ನ ಕೈಗಿಟ್ಟಿದ್ದಳು.

ಪಕ್ಕದ ಸೀಟಿನಲ್ಲಿ ಎಪ್ಪತ್ತು ದಾಟಿದ ಅಜ್ಜ ಒಬ್ಬರಿದ್ದರು. "ಎಯ್ ಅಪ್ ಮಿ ಡಕ್" ಎಂದರು. ಈ ಊರಿನ ಹಳಬರು ಎಲ್ಲರನ್ನೂ ಮಾತಾಡಿಸುವುದೇ ಹಾಗೆ, ನಿನಗೂ ಬಸ್ಸಿನಲ್ಲಿ ಯಾರಾದರೂ ಅಂದಿರಬಹುದು. ಮಾತಿಗೆ ಮಾತು ಬಂದು, ಅವರು ರ‍್ಯಾಲೆ ಸೈಕಲ್ ಫ್ಯಾಕ್ಟರಿಯಲ್ಲಿ ದುಡಿದವರೆಂದು ಗೊತ್ತಾಯಿತು. ನಮ್ಮ ತಾತನ ಹತ್ತಿರ ಇದ್ದದ್ದು ರ‍್ಯಾಲೆ ಸೈಕಲ್ಲೇ! ದಿನಾ ಬೆಳಿಗ್ಗೆ ಒರೆಸಿ ಜಗುಲಿಗೆ ಒರಗಿಸಿಡುತ್ತಿದ್ದರು, ನಮಗೆ ಬೆಲ್ಲು ಮುಟ್ಟಲೂ ಬಿಡುತ್ತಿರಲಿಲ್ಲ. ಅದನ್ನು ಹೇಳಿದಾಗ ಆ ಅಜ್ಜ ಆಟ ನೋಡುವುದು ಬಿಟ್ಟು ನನ್ನ ಕಡೆ ತಿರುಗಿ ಕೂತರು. ಸೀಟಿನ ಬಣ್ಣ ಏನು, ಮುಂದೆ ಲಾಂಛನ ಇತ್ತಾ ಎಂದು ಒಂದೊಂದೇ ಕೇಳಿದರು. ಮುಂದಿನ ವಾರ ನಾನು ಸ್ವಂತ ದುಡ್ಡಿನಲ್ಲಿ ಅದೇ ಸಾಲಿನಲ್ಲಿ ಟಿಕೆಟ್ ತೆಗೆದೆ.

ಆಮೇಲಿನ ಮೂರು ವರ್ಷ ನೋವೇ ಹೆಚ್ಚು. ಮೇಲಿನ ಲೀಗಿಗೆ ಏರಲು ಆಡುವ ಪ್ಲೇ-ಆಫ್ ಪಂದ್ಯಗಳಲ್ಲಿ 2020ರಲ್ಲಿ ಹ್ಯಾರೊಗೇಟ್ ಎದುರು ಫೈನಲ್ ಸೋತರು, 2021ರಲ್ಲಿ ಟಾರ್ಕಿ ಎದುರು ಸೆಮಿಫೈನಲ್, 2022ರಲ್ಲಿ ಗ್ರಿಮ್ಸ್‌ಬಿ ಎದುರು ಅದಕ್ಕೂ ಮೊದಲಿನ ಸುತ್ತು, ಅದೂ ನಮ್ಮ ಮೈದಾನದಲ್ಲೇ. ಪ್ರತಿ ಸಲವೂ ಅಜ್ಜ "ಮುಂದಿನ ಸೀಸನ್‌ಗೆ ಸಿಗೋಣ" ಎನ್ನುತ್ತಿದ್ದರು.

ಈಗ ನಿನಗೆ ಹೇಳಲೇಬೇಕಾದದ್ದು 2022-23ರ ಸೀಸನ್. ಆ ಲೀಗಿನಲ್ಲಿ 24 ತಂಡ, ಒಬ್ಬೊಬ್ಬರಿಗೂ 46 ಪಂದ್ಯ. ಆಗ ನೇರವಾಗಿ ಮೇಲೆ ಹೋಗುತ್ತಿದ್ದದ್ದು ಮೊದಲು ಬಂದ ತಂಡ ಮಾತ್ರ. ಇನ್ನೊಂದು ಜಾಗಕ್ಕೆ ಎರಡರಿಂದ ಏಳರವರೆಗೆ ಬಂದವರೆಲ್ಲ ಪ್ಲೇ-ಆಫ್ ಆಡಬೇಕು. ಲ್ಯೂಕ್ ವಿಲಿಯಮ್ಸ್ ಮ್ಯಾನೇಜರ್ ಆಗಿದ್ದ ನಮ್ಮ ತಂಡ ಸೋತದ್ದು ಮೂರೇ ಪಂದ್ಯ. ಮಕಾಲೆ ಲ್ಯಾಂಗ್‌ಸ್ಟಾಫ್ ಎಂಬ ಹುಡುಗ ಲೀಗಿನಲ್ಲೇ 42 ಗೋಲು ಹೊಡೆದ. ಒಟ್ಟು 107 ಅಂಕ. ಅದಕ್ಕೂ ಹಿಂದಿನ ಯಾವ ವರ್ಷವೇ ಆಗಿದ್ದರೂ ಅಷ್ಟು ಅಂಕಕ್ಕೆ ಆ ಲೀಗಿನ ಪಟ್ಟ ಸಿಗುತ್ತಿತ್ತು. ಆದರೆ ಆ ವರ್ಷವೇ, ಹಾಲಿವುಡ್ ನಟರಿಬ್ಬರು ಕೊಂಡುಕೊಂಡಿದ್ದ ರೆಕ್ಸಮ್ 111 ಅಂಕ ಗಳಿಸಿತು. ಮೂರನೇ ಸ್ಥಾನದ ಚೆಸ್ಟರ್‌ಫೀಲ್ಡ್‌ಗೆ ಬಂದದ್ದು 84. ನಮಗಿಂತ 23 ಅಂಕ ಹಿಂದಿದ್ದವರ ಜೊತೆ ನಾವು ಮತ್ತೆ ಮೊದಲಿನಿಂದ ಆಡಿ ಗೆಲ್ಲಬೇಕಿತ್ತು. ಇದು ಅನ್ಯಾಯ ಎಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಏಪ್ರಿಲ್ 10, ಈಸ್ಟರ್ ಸೋಮವಾರ. ಎರಡೂ ತಂಡದ ಹತ್ತಿರ ನೂರು ನೂರು ಅಂಕ, ಆಟ ರೆಕ್ಸಮ್‌ನಲ್ಲಿ. ಟಿಕೆಟ್ ಸಿಗಲಿಲ್ಲ. "ನಮ್ಮ ಮನೆಗೆ ಬಾ, ಟೀವಿಯಲ್ಲಿ ನೋಡೋಣ" ಎಂದರು ಅಜ್ಜ. ಇಷ್ಟು ವರ್ಷದಲ್ಲಿ ಈ ಊರಿನ ಮನೆಯೊಂದರೊಳಗೆ ನೆಂಟಳಾಗಿ ಕಾಲಿಟ್ಟದ್ದು ಅದೇ ಮೊದಲು, ತಮ್ಮಾ. ಕೋಡುಬಳೆ ಮಾಡಿಕೊಂಡು ಹೋಗಿದ್ದೆ. 3-2ರಲ್ಲಿ ಹಿಂದಿದ್ದೇವೆ, ತೊಂಬತ್ತು ನಿಮಿಷದ ಮೇಲೆ ಸೇರಿಸಿದ ನಿಮಿಷಗಳೂ ಮುಗಿಯುತ್ತಾ ಬಂದಿವೆ, ಆಗ ನಮಗೆ ಪೆನಾಲ್ಟಿ ಸಿಕ್ಕಿತು! ಹೊಡೆಯಲು ಬಂದವನು ಸೆಡ್ವಿನ್ ಸ್ಕಾಟ್. ಎದುರಿಗೆ ನಿವೃತ್ತಿಯಿಂದ ವಾಪಸು ಬಂದಿದ್ದ ನಲವತ್ತರ ಗೋಲ್‌ಕೀಪರ್ ಬೆನ್ ಫೋಸ್ಟರ್. ಆತ ಹಾರಿ ಚೆಂಡನ್ನು ತಳ್ಳಿಬಿಟ್ಟ.

ಅಜ್ಜ ಏನೂ ಅನ್ನಲಿಲ್ಲ. ಎದ್ದು ಹೋಗಿ ಕೆಟಲ್ ಹಚ್ಚಿದರು. ಎರಡು ಕಪ್ ಚಹಾ ತಂದಿಟ್ಟು, ಬಹಳ ಹೊತ್ತಾದ ಮೇಲೆ, "ಆ ಹುಡುಗ ಇವತ್ತು ರಾತ್ರಿ ಹೇಗೆ ನಿದ್ದೆ ಮಾಡ್ತಾನೋ" ಎಂದರು. ಮುಂದಿನ ಸಲ ಮೆಡೋ ಲೇನ್‌ನಲ್ಲಿ ಸ್ಕಾಟ್ ಕಣ್ಣಿಗೆ ಬಿದ್ದಾಗ ನಮ್ಮ ಸಾಲಿನವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕಣ್ಣಲ್ಲಿ ನೀರು ಬಂತು.

ಆ ಮಾರ್ಚ್‌ನಲ್ಲಿ ಕ್ಲಬ್ಬಿನ ಮುಖ್ಯಾಧಿಕಾರಿ ಜೇಸನ್ ಟರ್ನರ್ ತೀರಿಕೊಂಡಿದ್ದರು, ಇನ್ನೂ ಐವತ್ತು ವರ್ಷ. ಆ ದುಃಖವೂ ಎಲ್ಲರ ಎದೆಯಲ್ಲಿತ್ತು. ಅದನ್ನು ಹೊತ್ತುಕೊಂಡೇ ಮೇ 7ರಂದು ಸೆಮಿಫೈನಲ್‌ಗೆ ಬಂದರು. ಬೋರಮ್ ವುಡ್ ಎಂಬ ಪುಟ್ಟ ಕ್ಲಬ್ಬು ನಮ್ಮ ಮೈದಾನದಲ್ಲೇ ಎರಡು ಗೋಲು ಮುಂದೆ ಹೋಗಿತ್ತು. ತೊಂಬತ್ತು ನಿಮಿಷ ಕಳೆದ ಮೇಲೆ ಏಡನ್ ಬಾಲ್ಡ್‌ವಿನ್ ಸಮ ಮಾಡಿದ, ಆಮೇಲೆ ಆಡಿಸಿದ ಹೆಚ್ಚುವರಿ ಅರ್ಧ ಗಂಟೆಯ ಕೊನೆಗೆ, 120ನೇ ನಿಮಿಷದಲ್ಲಿ, ಜೋಡಿ ಜೋನ್ಸ್ ಗೆಲ್ಲಿಸಿದ. ಹಿಂದಿನ ಸಾಲಿನ ಗುರುತಿಲ್ಲದ ಹೆಂಗಸೊಬ್ಬಳು ನನ್ನನ್ನು ತಬ್ಬಿಕೊಂಡು ಅಲ್ಲಾಡಿಸಿದ್ದು ಇವತ್ತಿಗೂ ಭುಜದಲ್ಲಿದೆ. ನಮ್ಮೂರ ಜಾತ್ರೆಯಲ್ಲಿ ತೇರು ಹೊರಟ ಕ್ಷಣ ಬಿಟ್ಟರೆ ಅಂಥ ಸದ್ದು ನಾನು ಬೇರೆಲ್ಲೂ ಕೇಳಿಲ್ಲ.

ಮೇ 13, ವೆಂಬ್ಲಿ, ಎದುರಾಳಿ ಚೆಸ್ಟರ್‌ಫೀಲ್ಡ್. ನೈಟ್ ಡ್ಯೂಟಿ ಮುಗಿಸಿ ನೇರ ಬಸ್ಸು ಹತ್ತಿದ್ದೆ. 2-2ರಲ್ಲಿ ನಿಂತು ಪೆನಾಲ್ಟಿಗೆ ಹೋಯಿತು. ವಿಲಿಯಮ್ಸ್ ಅದಕ್ಕೆಂದೇ ಗೋಲ್‌ಕೀಪರನ್ನು ಬದಲಿಸಿ ಆರ್ಚಿ ಮೇರ್‌ನನ್ನು ಇಳಿಸಿದ್ದರು, ಅವನು ಎರಡು ತಡೆದ. ಕೊನೆಯ ಹೊಡೆತ ಗೋಲಾದರೆ ನಾವು ಮೇಲೆ. ನಡೆದು ಬಂದವನು ಸೆಡ್ವಿನ್ ಸ್ಕಾಟ್. ಅಜ್ಜ ಮೈದಾನಕ್ಕೆ ಬೆನ್ನು ಹಾಕಿ ನಿಂತು, "ನೀನು ನೋಡಿ ಹೇಳು" ಎಂದು ನನ್ನ ಕೈ ಹಿಡಿದುಕೊಂಡರು. ಅವನು ಓಡಿ ಬಂದ, ಹೊಡೆದ, ಬಲೆ ಅಲುಗಿತು. ನನ್ನ ಬಾಯಿಂದ ಬಂದದ್ದು ಕನ್ನಡ. "ಹೋಯ್ತು ಅಜ್ಜಾ, ಒಳಗೆ ಹೋಯ್ತು!" ಅವರಿಗೆ ಅರ್ಥವಾಯಿತು.

ಆಮೇಲೆ ವಿಲಿಯಮ್ಸ್ ಸ್ವಾನ್ಸಿಗೆ ಹೋದರು, ಲ್ಯಾಂಗ್‌ಸ್ಟಾಫ್ ಮಿಲ್‌ವಾಲ್‌ಗೆ ಹೋದ. ಕೆಳಗಿನ ಲೀಗಿನಲ್ಲಿ ಒಳ್ಳೆಯವರು ನಿಲ್ಲುವುದಿಲ್ಲ. ನಮ್ಮ ಸಾಲಿನವರು ಮಾತ್ರ ಅಲ್ಲೇ ಇದ್ದಾರೆ.

ನೀನು ಹೋಗುವಾಗ ಎರಡು ಜೊತೆ ಕಾಲುಚೀಲ ಹಾಕಿಕೋ, ನದಿ ಗಾಳಿ ಮೂಳೆ ಕೊರೆಯುತ್ತದೆ. ಬಿಸಿಬಿಸಿ ಬೋವ್ರಿಲ್ ಎಂದು ಯಾರಾದರೂ ಕಪ್ ಹಿಡಿದರೆ ಅದು ದನದ ಮಾಂಸದ ಸಾರು ಎಂಬುದು ಗೊತ್ತಿರಲಿ, ಕುಡಿಯುವುದು ಬಿಡುವುದು ನಿನ್ನಿಷ್ಟ. ಶನಿವಾರ ಮೂರು ಗಂಟೆಯ ಆಟಗಳು ಈ ದೇಶದ ಟೀವಿಯಲ್ಲಿ ಬರುವುದಿಲ್ಲ, ಹೋಗಿಯೇ ನೋಡಬೇಕು. ಸಾಧ್ಯವಾದರೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂತುಕೋ. ಮೊದಲ ಎರಡು ಆಟ ಯಾರೂ ಮಾತಾಡಿಸದಿದ್ದರೂ ಬೇಸರಪಡಬೇಡ, ಮೂರನೆಯದಕ್ಕೂ ಹೋಗು.

ಒಬ್ಬನೇ ಹೋಗಲು ಸಂಕೋಚವಾದರೆ ಹೇಳು. ಶನಿವಾರ ಎರಡು ಗಂಟೆಗೆ ಸ್ಟೇಷನ್ ಬಾಗಿಲಲ್ಲಿ ಕಪ್ಪು ಬಿಳುಪು ಮಫ್ಲರ್ ಹಾಕಿಕೊಂಡು ನಿಂತಿರುತ್ತೇನೆ. ಅಜ್ಜನಿಗೆ ಈಗ ಮೆಟ್ಟಿಲು ಹತ್ತುವುದು ಕಷ್ಟ, ಒಂದು ಕಡೆ ನಾನು ಹಿಡಿದುಕೊಳ್ಳುತ್ತೇನೆ, ಇನ್ನೊಂದು ಕಡೆ ನೀನು ಹಿಡಿದುಕೋ.