ಎಚ್61 ಬೋರ್ಡಿಗೆ ಐ7-3770 ಹಾಕಿದ ಮೇಲೆ ರೆಂಡರ್ ಕೊಟ್ರೆ ರೀಸ್ಟಾರ್ಟ್ ಆಗ್ತಿದೆ, ಪ್ರೊಸೆಸರ್ ಹೋಗಿದ್ಯಾ?

ನಿಮ್ ಪ್ರಶ್ನೆ ನಂಗೆ ಅರ್ಥ ಆಗಿದ್ದು ಇಷ್ಟು. ಸಾಗರದಲ್ಲಿ ಸ್ಟುಡಿಯೋ ಇದೆ, ಹಳೇ ಎಚ್61 ಮದರ್‌ಬೋರ್ಡಲ್ಲಿದ್ದ ಐ3-2100 ಪ್ರೊಸೆಸರ್ ತೆಗೆದು ಸೆಕೆಂಡ್ ಹ್ಯಾಂಡ್ ಐ7-3770 ಕೂರಿಸಿದೀರಿ, ವಿಂಡೋಸ್ ಆರಾಮಾಗಿ ಬರತ್ತೆ, ಫೋಟೋಶಾಪೂ ಓಡತ್ತೆ, ಮದುವೆ ವಿಡಿಯೋ ಎಕ್ಸ್‌ಪೋರ್ಟಿಗೆ, ಅಂದ್ರೆ ರೆಂಡರಿಗೆ, ಹಾಕಿದ್ರೆ ಮಾತ್ರ ಸ್ವಲ್ಪ ಹೊತ್ತಿಗೆ ಟಪ್ ಅಂತ ರೀಸ್ಟಾರ್ಟು. ಅಂಗಡಿಯವ್ರು ಪ್ರೊಸೆಸರ್ ಹೋಗಿದೆ, ಬೇರೆ ತಗೊಳಿ ಅಂದ್ರು ಅಂತ ಬರ್ದಿದೀರಿ.

ತಗೋಬೇಡಿ ಮಾರಾಯ್ರೆ, ಸ್ವಲ್ಪ ತಡೀರಿ. ನಾನು ತೀರ್ಥಹಳ್ಳಿ ಕಡೆಯವ್ನು, ಹಳೇ ಸಿಸ್ಟಮ್‌ಗಳ ಜೊತೆನೇ ಗುದ್ದಾಡೋದು, ಬೋರ್ಡು ಹೋಗಿದ್ದು, ಎಸ್‌ಎಂಪಿಎಸ್ (ಸಿಸ್ಟಮ್ಮಿಗೆ ಕರೆಂಟ್ ಕೊಡೋ ಡಬ್ಬಿ) ಹೋಗಿದ್ದು ಬೇಕಾದಷ್ಟು ನೋಡಿದೀನಿ, ಆದ್ರೆ ವಿಂಡೋಸ್ ತನಕ ಸಲೀಸಾಗಿ ಬಂದು ಲೋಡಲ್ಲಿ ಮಾತ್ರ ಬೀಳೋ ಕೇಸಲ್ಲಿ ಪ್ರೊಸೆಸರೇ ಕೆಟ್ಟಿರೋದು ಭಾಳ ಅಪರೂಪ. ನನ್ ಅನುಮಾನ ಪೂರ್ತಿ ಅದಕ್ಕೆ ಹೋಗೋ ಕರೆಂಟಿನ ಮೇಲೆ.

ಎಂತಕ್ಕೆ ಅಂದ್ರೆ, ಎಲ್ರೂ ಐ3-2100 65 ವ್ಯಾಟು, 3770 77 ವ್ಯಾಟು, ಬರೀ 12 ವ್ಯಾಟ್ ಜಾಸ್ತಿ ತಾನೆ ಅಂತ ಲೆಕ್ಕ ಹಾಕ್ತಾರೆ. ಆ ಲೆಕ್ಕ ಕಾಗದದ್ದು. ಎರಡೇ ಕೋರಿನ, ಟರ್ಬೋನೇ (ಲೋಡ್ ಬಿದ್ದಾಗ ತಾನಾಗೇ ಸ್ಪೀಡ್ ಏರ್ಸ್ಕೊಳೋದು) ಇಲ್ಲದ 3.1 ಗಿಗಾಹರ್ಟ್ಸ್ ಐ3 ಆ 65ರ ಹತ್ರನೂ ಹೋಗಲ್ಲ. 3770 ಹಂಗಲ್ಲ, ನಾಲ್ಕು ಕೋರು ಎಂಟು ಥ್ರೆಡ್ಡು, 3.4ರಿಂದ ಟರ್ಬೋದಲ್ಲಿ 3.9ರ ತನಕ ಹಾರತ್ತೆ, ರೆಂಡರ್ ಕೊಟ್ರೆ ಎಲ್ಲಾ ಕೋರೂ ಒಟ್ಟಿಗೆ ಎಳೀತವೆ, ಮೊದಮೊದಲು ಸ್ವಲ್ಪ ಹೊತ್ತು 77 ದಾಟೂ ಎಳೀತವೆ. ಮನೆ ವೈರಿಂಗಲ್ಲೇ 5 ಎಚ್‌ಪಿ ಪಂಪ್‌ಸೆಟ್ ಓಡಿಸಿದಂಗೆ ಆಗತ್ತೆ ಬೋರ್ಡಿನ ಪಾಡು.

ದುಡ್ಡು ಖರ್ಚಿಲ್ಲದ ಟೆಸ್ಟ್ ಒಂದಿದೆ, ಅದನ್ನ ಮೊದ್ಲು ಮಾಡಿ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಅಡ್ವಾನ್ಸ್ಡ್ ಸೆಟಿಂಗ್ಸ್, ಅದ್ರೊಳಗೆ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್, ಅಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರತ್ತೆ, 99 ಮಾಡಿ. ಒಂದೇ ಪರ್ಸೆಂಟಲ್ಲಿ ಎಂತ ಆಗತ್ತೆ ಅನ್ಬೇಡಿ, 99 ಮಾಡಿದ್ರೆ ಟರ್ಬೋ ಪೂರ್ತಿ ಆಫ್, 3.4ರ ಮೇಲೆ ಹೋಗಲ್ಲ. ಟಾಸ್ಕ್ ಮ್ಯಾನೇಜರಲ್ಲಿ ಸ್ಪೀಡ್ ನೋಡಿ ಖಾತ್ರಿ ಮಾಡ್ಕೊಳಿ, ಆಮೇಲೆ ಅದೇ ವಿಡಿಯೋ ಎಕ್ಸ್‌ಪೋರ್ಟ್ ಹಾಕಿ. ಪೂರ್ತಿ ಮುಗೀತು ಅಂದ್ರೆ ಹೆಚ್ಚುಕಮ್ಮಿ ಪ್ರೊಸೆಸರ್ ಸರಿ ಇದೆ, ಹೆಚ್ಚಿನ ಕರೆಂಟ್ ಕೊಡಕ್ಕೆ ಅಥವಾ ಆ ಬಿಸಿ ತಡ್ಕೊಳಕ್ಕೆ ಬೇರೆ ಯಾವ್ದಕ್ಕೋ ಆಗ್ತಿಲ್ಲ ಅಂತ ಅರ್ಥ. ಅರ್ಜೆಂಟ್ ಆರ್ಡರ್ ಇದ್ರೆ ಹಂಗೇ 99ರಲ್ಲೇ ಓಡಿಸ್ತಾ ಇರಿ, ರೆಂಡರ್ ಸ್ವಲ್ಪ ನಿಧಾನ ಆಗತ್ತೆ ಅಷ್ಟೆ, ಹಳೇ ಐ3 ಮುಂದೆ ಅದೂ ಕುದುರೆನೇ.

ಇನ್ನು ಯಾವ್ದಕ್ಕೆ ಆಗ್ತಿಲ್ಲ ಅನ್ನೋದು. ಎಕ್ಸ್‌ಪೋರ್ಟ್ ಶುರು ಮಾಡಿದ ತಕ್ಷಣ ಬಿದ್ರೆ ಎಸ್‌ಎಂಪಿಎಸ್ ಮೇಲೆ ಅನುಮಾನ, ಹತ್ತು ಹದಿನೈದು ನಿಮಿಷ ಓಡಿ ಬಿದ್ರೆ ಬಿಸಿ ಮೇಲೆ. ಬಿಸಿ ಅಂದ್ರೆ ಪ್ರೊಸೆಸರ್ ಬಿಸಿ ಒಂದೇ ಅಲ್ಲ, ಪ್ರೊಸೆಸರ್ ಕಾದ್ರೆ ಅದು ಮೊದ್ಲು ತಾನೇ ಸ್ಪೀಡ್ ಇಳಿಸ್ಕೊಂಡು ತೆವಳತ್ತೆ, ಏಕ್‌ದಂ ರೀಸ್ಟಾರ್ಟ್ ಆಗಲ್ಲ. ಬಿಸಿ ತೋರ್ಸೋ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ಹಾಕಿ ನೋಡಿ, ಕೋರ್ ಟೆಂಪರೇಚರ್ 70-80ರಲ್ಲೇ ಇದ್ದು ಟಪ್ ಅಂದ್ರೆ ತಪ್ಪಿತಸ್ಥ ಬೇರೆ ಇದೆ. ಸೈಡ್ ಬಾಗ್ಲು ಬಿಚ್ಚಿ ನೋಡಿ, ಪ್ರೊಸೆಸರ್ ಕೂರೋ ಸಾಕೆಟ್ ಪಕ್ಕ, ಕೀಬೋರ್ಡ್ ಮೌಸ್ ಚುಚ್ಚೋ ಪೋರ್ಟ್‌ಗಳ ಕಡೆ, ಪುಟ್ಟ ಪುಟ್ಟ ಕಪ್ಪು ಚೌಕ ಸಾಲಾಗಿ ಇರತ್ತಲ್ಲ, ಅವು ಮಾಸ್‌ಫೆಟ್, 12 ವೋಲ್ಟನ್ನ ಪ್ರೊಸೆಸರಿಗೆ ಬೇಕಾದ ಒಂದು ವೋಲ್ಟ್ ಆಸುಪಾಸಿಗೆ ಇಳ್ಸೋದು ಅವೇ. ಎಚ್61 ಬೋರ್ಡ್‌ಗಳಲ್ಲಿ ಮುಕ್ಕಾಲುಪಾಲು ಕಡೆ ಅದ್ರ ಮೇಲೆ ಹೀಟ್‌ಸಿಂಕ್ ಇರಲ್ಲ, ಬರೀ ಮೈ. ಒಂದು ಸಣ್ಣ ಟೇಬಲ್ ಫ್ಯಾನ್ ತಂದು ಸೀದಾ ಅಲ್ಲಿಗೇ ಗಾಳಿ ಬೀಳೋ ಹಂಗೆ ಇಟ್ಟು, 99ನ್ನ ವಾಪಸ್ 100 ಮಾಡಿ ರೆಂಡರ್ ಹಾಕಿ. ಮೊದ್ಲಿಗಿಂತ ಜಾಸ್ತಿ ಹೊತ್ತು ನಿಂತ್ರೆ ಕಳ್ಳ ಸಿಕ್ಕಂಗೆ.

ಇಲ್ಲೊಂದು ಮಾತು ಹೇಳ್ಬೇಕು, ಯೂಟ್ಯೂಬ್ ನೋಡಿ ಎಲ್ರೂ ಉದ್ದದ ಟವರ್ ಕೂಲರ್ ತಗೊಂತಾರೆ. ಅದು ಪ್ರೊಸೆಸರಿಗೆ ಒಳ್ಳೇದೇ, ಆದ್ರೆ ಅದ್ರ ಗಾಳಿ ಬೋರ್ಡಿಗೆ ಬೀಳ್ದೆ ಅಡ್ಡ ಹೋಗತ್ತೆ. ಇಂಟೆಲ್ ಜೊತೆ ಬರೋ ಗುಂಡನೆ ಕೂಲರ್ ಕೆಳಗೆ ಊದತ್ತೆ, ಸುತ್ತಲಿನ ಮಾಸ್‌ಫೆಟ್ಟಿಗೂ ಗಾಳಿ ಸಿಗತ್ತೆ. ನಿಮ್ಮಂಥ ಬೋರ್ಡಿಗೆ ನಾನಾದ್ರೆ ಆ ಗುಂಡನೆದನ್ನೇ ಹಾಕ್ತೀನಿ, ಆದ್ರೆ ಐ3 ಜೊತೆ ಬಂದ ತೆಳ್ಳಂದಲ್ಲ, ಮಧ್ಯೆ ತಾಮ್ರ ಇರೋ ದಪ್ಪಂದು. ಕೂರಿಸಿದ ಮೇಲೆ ನಾಲ್ಕೂ ಪ್ಲಾಸ್ಟಿಕ್ ಕಾಲು ಬೋರ್ಡಿನ ಹಿಂದೆ ಪೂರ್ತಿ ಈಚೆ ಬಂದಿದ್ಯಾ ಅಂತ ಕೈಯಲ್ಲಿ ಮುಟ್ಟಿ ನೋಡಿ, ಮೂರು ಕೂತು ಒಂದು ಅರ್ಧ ನಿಂತಿರೋದು ಮಾಮೂಲಿ. ಪ್ರೊಸೆಸರ್ ಮೇಲಿನ ಹಳೇ ಥರ್ಮಲ್ ಪೇಸ್ಟ್ ಕೆರೆದು ಹೊಸ್ದು ಹಚ್ಚೋದು ಹೇಳೋದೇ ಬೇಡ.

ಎಸ್‌ಎಂಪಿಎಸ್ ವಿಷ್ಯ. ಕ್ಯಾಬಿನೆಟ್ ಜೊತೆ ಫ್ರೀ ಬಂದಿರೋ 450 ವ್ಯಾಟಿಂದು ಇದ್ರೆ ಆ 450 ನಂಬ್ಬೇಡಿ, ಲೇಬಲ್ ಮೇಲೆ 12 ವೋಲ್ಟ್ ಸಾಲಲ್ಲಿ ಎಷ್ಟು ಆಂಪ್ ಅಂತ ನೋಡಿ. 12ಕ್ಕೆ ಗುಣಿಸಿದ್ರೆ ಅಸಲಿ ಶಕ್ತಿ ಗೊತ್ತಾಗತ್ತೆ, 14 ಆಂಪ್ ಅಂದ್ರೆ 168 ವ್ಯಾಟ್ ಅಷ್ಟೆ, ಅದ್ರಲ್ಲಿ ಪ್ರೊಸೆಸರೇ 7-8 ಆಂಪ್ ತಿನ್ನತ್ತೆ, ಗ್ರಾಫಿಕ್ಸ್ ಕಾರ್ಡ್ ಇದ್ರೆ ಇನ್ನೆಲ್ಲಿಂದ ತರೋದು. ಮಲ್ಟಿಮೀಟರ್ ಇದ್ರೆ ಪ್ರೊಸೆಸರ್ ಹತ್ರದ 4 ಪಿನ್ ಕನೆಕ್ಟರಿನ ಹಿಂದಿನಿಂದ ಹಳದಿ ಕಪ್ಪು ವೈರ್ ಮಧ್ಯೆ ಲೋಡಲ್ಲಿ ಅಳೀರಿ, ಪ್ರೋಬ್ ತುದಿ ಪಕ್ಕದ್ದಕ್ಕೆ ತಾಗ್ದಂಗೆ ಹುಷಾರು. 11.4ರಿಂದ 12.6 ಒಳಗೆ ಇರ್ಬೇಕು, ರೆಂಡರ್ ಶುರು ಆಗ್ತಿದ್ದಂಗೆ 11.4ರ ಕೆಳಗೆ ಕುಸಿದ್ರೆ ಎಸ್‌ಎಂಪಿಎಸ್ ಬದ್ಲಾಯ್ಸಿ, ಬೇರೆ ಮಾತೇ ಇಲ್ಲ. ಸಾಫ್ಟ್‌ವೇರ್ ತೋರ್ಸೋ 12 ವೋಲ್ಟ್ ಮೇಲೆ ಭರವಸೆ ಇಡ್ಬೇಡಿ. ಸಂಜೆ ಹೊತ್ತು ಬಲ್ಬ್ ಮಂಕಾಗೋ ಏರಿಯಾ ಆದ್ರೆ ರೆಂಡರನ್ನ ಬೆಳಿಗ್ಗೆ ಹಾಕಿ ನೋಡಿ, ಬೆಳಿಗ್ಗೆ ನಿಂತು ಸಂಜೆ ಬಿದ್ರೆ ಅದೂ ಒಂದು ಸುಳಿವೇ.

99ರಲ್ಲೂ ಬೀಳ್ತಿದೆ ಅಂದ್ರೆ ರ‍್ಯಾಮ್ ಕಡೆ ತಿರುಗಿ. ಇದು ಸುಮಾರು ಜನಕ್ಕೆ ಹೊಳೆಯಲ್ಲ. ಐ3-2100 ಇರೋವಾಗ ರ‍್ಯಾಮ್ 1333ರ ಮೇಲೆ ಹೋಗ್ತಿರ್ಲಿಲ್ಲ, ಆ ಪ್ರೊಸೆಸರಿನ ಮಿತಿನೇ ಅಷ್ಟು. 3770 ಬಂದ ಮೇಲೆ 1600ರ ಸ್ಟಿಕ್‌ಗಳು ತಾವಾಗೇ 1600ಕ್ಕೆ ಏರ್ತವೆ, ಬೇರೆ ಬೇರೆ ಕಂಪನಿದು ಎರಡು ಸ್ಟಿಕ್ ಜೋಡ್ಸಿದ್ರಂತೂ ತೊಂದ್ರೆ ಶುರು. ನೀವು ಬರೀ ಪ್ರೊಸೆಸರ್ ಬದ್ಲಾಯ್ಸಿದ್ದು ಅಂದ್ಕೊಂಡಿರ್ತೀರಿ, ಅಲ್ಲಿ ರ‍್ಯಾಮ್ ಸ್ಪೀಡೂ ಬದ್ಲಾಗಿರತ್ತೆ. ಬಯೋಸಲ್ಲಿ (ಬೋರ್ಡಿನದೇ ಸೆಟಿಂಗ್ ಪ್ರೋಗ್ರಾಂ) 1333ಕ್ಕೆ ಕಟ್ಟಿಹಾಕಿ, ರಾತ್ರಿ ಪೂರ್ತಿ ರ‍್ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್86 ಓಡ್ಸಿ. ಕರೆಂಟ್ ಹೋಗಿ ಬಂದಾಗೆಲ್ಲ ಆ ಸೆಟಿಂಗ್ ಅಳಿಸಿಹೋದ್ರೆ ಬೋರ್ಡಿನ 2032 ಸೆಲ್ ಸತ್ತಿದೆ, ವಾಚ್ ಅಂಗಡೀಲೂ ಸಿಗತ್ತೆ.

ಬಯೋಸ್ ಅಪ್ಡೇಟ್ ಮಾಡಿ ಅಂತ ಯಾರೋ ಕೆಳಗೆ ಹೇಳೇ ಹೇಳ್ತಾರೆ. ಬೂಟ್ ಆಗ್ತಿದೆ ಅಂದ್ಮೇಲೆ ನಿಮ್ ಬಯೋಸಿಗೆ 3770 ಗೊತ್ತಿದೆ. ಹೊಸ ವರ್ಷನ್ ಇದ್ರೆ ಹಾಕ್ಬೋದು, ಆದ್ರೆ ಕೊನೇಗೆ, ಅದೂ ಯುಪಿಎಸ್ ಬ್ಯಾಟ್ರಿ ಗಟ್ಟಿ ಇದ್ರೆ ಮಾತ್ರ. ಜೂನ್ ಜುಲೈ ಮಳೇಲಿ ನಮ್ ಕಡೆ ಮರ ಬಿದ್ದು ಲೈನ್ ಯಾವಾಗ ಹೋಗತ್ತೋ ದೇವ್ರೇ ಬಲ್ಲ, ಬರೆಯೋ ಮಧ್ಯೆ ಕರೆಂಟ್ ಹೋದ್ರೆ ಬೋರ್ಡೇ ಏಳಲ್ಲ.

ಮಳೆ ಅಂದಾಗ ನೆನಪಾಯ್ತು, ಸಾಕೆಟ್ ಸುತ್ತ ಕೆಪಾಸಿಟರ್ ತಲೆ ಉಬ್ಬಿದ್ಯಾ, ರ‍್ಯಾಮ್ ಕಾಲಿನ ಮೇಲೆ ಹಸಿರು ಕಿಲುಬು ಇದ್ಯಾ ಟಾರ್ಚ್ ಬಿಟ್ಟು ನೋಡಿ. ಕಿಲುಬು ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಹೋಗತ್ತೆ. ಉಬ್ಬಿದ ಕೆಪಾಸಿಟರ್ ಇದ್ರೆ ಮೇಲಿನದೆಲ್ಲ ಬಿಟ್ಟು ಮೊದ್ಲು ಅದನ್ನ ಬದ್ಲಾಯ್ಸಿ.

ಮಾಸ್‌ಫೆಟ್ಟೇ ತಪ್ಪಿತಸ್ಥ ಅಂತಾದ್ರೆ ಅಂಟ್ಸೋ ಪುಟ್ಟ ಹೀಟ್‌ಸಿಂಕು, ಅದ್ರ ಮೇಲೆ ಒಂದು ಕೇಸ್ ಫ್ಯಾನು, ಸುಮಾರು ಕೇಸಿಗೆ ಇಷ್ಟೇ ಸಾಕು. ಆಗ್ಲೂ ನಿಲ್ಲದಿದ್ರೆ ಕೊಟ್ಟವ್ರ ಹತ್ರನೇ 3770ಎಸ್ ಇದ್ಯಾ ಕೇಳಿ ಬದ್ಲಾಯ್ಸ್ಕೊಳಿ, 65 ವ್ಯಾಟಿಂದು, ಬೇಸ್ 3.1 ಆದ್ರೂ ಟರ್ಬೋ ಅದೇ 3.9. ಶಿವಮೊಗ್ಗದ ದುರ್ಗಿಗುಡಿ ಕಡೆ ಸಿಗ್ದಿದ್ರೆ ಬೆಂಗ್ಳೂರು ಎಸ್‌ಪಿ ರೋಡಲ್ಲಿ ವಿಚಾರ್ಸಿ. ಹೊಸ ಬೋರ್ಡ್ ಅಂತೂ ಈ ಪ್ರೊಸೆಸರಿಗೋಸ್ಕರ ತಗೋಬೇಡಿ, ವಿಂಡೋಸ್ 11 ಇದನ್ನ ಅಧಿಕೃತವಾಗಿ ಒಪ್ಪಲ್ಲ, 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗ್ದಿದೆ. 99ರ ಟೆಸ್ಟ್ ಮಾಡಿ ಎಂತ ಆಯ್ತು ಅಂತ ಇಲ್ಲೇ ಹಾಕಿ, ಎಸ್‌ಎಂಪಿಎಸ್ ಲೇಬಲ್ ಫೋಟೋನೂ ಇರ್ಲಿ.